ಈ ವರ್ಷ ಇಲ್ಲಿಯವರೆಗಿನ ಹಾಡುಗಳು

ಫೆಬ್ರವರಿ 3

ಅಕ್ಕಾ,

ಕಾಗದ ನೋಡಿ ಮೊದಲು ನಗ್ತೀಯ, ಆಮೇಲೆ ಬೈತೀಯ, ಗೊತ್ತು. ಬೈಯೋದನ್ನೂ ಕಾಗದದಲ್ಲೇ ಬೈದು ಕಳಿಸು. ಫೋನು ಹೋಯಿತು ಕಣೇ! ಹಾಸ್ಟೆಲಿನಲ್ಲಿರುವ ನಮ್ಮ ಐದೂ ಹುಡುಗಿಯರ ಫೋನು ಈಗ ಮ್ಯಾನೇಜರಮ್ಮನ ಕಪಾಟಿನಲ್ಲಿ. "ಕೆ-ಪಾಪ್ ಗುಂಪುಗಳೆಲ್ಲ ಹೀಗೇ ತಯಾರಾಗೋದು, ನಿಮಗೇನು ಕೊಂಬು ಬಂದಿದೆಯಾ?" ಅಂತ ಕೇಳಿದಳು. ಕಾಗದ ಬರೆಯಬೇಡಿ ಅನ್ನೋದು ಮಾತ್ರ ಆ ಪುಣ್ಯಾತ್ಗಿತ್ತಿಗೆ ಹೊಳೆದೇ ಇಲ್ಲ. ಈ ಕಾಲದಲ್ಲಿ ಯಾರು ಬರೀತಾರೆ ಅಂದುಕೊಂಡಿರಬೇಕು.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಗುಂಪಿಗೆ ರೇಡಿಯೊದಲ್ಲಿ ಅರ್ಧ ಗಂಟೆ ಕೊಟ್ಟಿದ್ದಾರೆ. ಒಬ್ಬಳಿಗೆ ಅಡುಗೆ, ಒಬ್ಬಳಿಗೆ ಮೇಕಪ್ಪು, ಹೀಗೆ ಹಂಚಿದರು. ನನ್ನ ಪಾಲಿಗೆ ಬಂದದ್ದು "ಈ ವರ್ಷ ಇಲ್ಲಿಯವರೆಗೆ". ಅಂದರೆ ಈ ವರ್ಷ ಬಂದ ಪಾಪ್, ಕೆ-ಪಾಪ್ ಹಾಡುಗಳಲ್ಲಿ ನನಗೆ ಇಷ್ಟವಾದವು ಯಾವು, ಯಾಕೆ ಅಂತ ತಿಂಗಳಿಗೊಮ್ಮೆ ಹೇಳಬೇಕು. ನಾನೆಲ್ಲಿ ಕೇಳಿದೀನಿ ಅಕ್ಕ? ಬೆಳಗಿಂದ ರಾತ್ರಿವರೆಗೆ ನಮ್ಮದೇ ಎರಡು ಹಾಡಿಗೆ ಕುಣಿದು ಕುಣಿದು ಮೂರನೆಯದು ಕಿವಿಗೆ ಬಿದ್ದರೆ ಕಾಲು ತಾನಾಗಿ ನಿಂತುಹೋಗುತ್ತೆ.

ನಿನಗೆ ಅದೇ ಕೆಲಸವಲ್ಲವಾ? ದಿನವಿಡೀ ಸ್ಟುಡಿಯೋದಲ್ಲಿ ಕೂತಿರ್ತೀಯ, ಪ್ರಪಂಚದ ಹಾಡೆಲ್ಲ ಕೇಳ್ತೀಯ. ಬರೆದು ಕಳಿಸೇ. ಹಾಡು ಯಾವುದು ಅನ್ನೋದಷ್ಟೇ ಸಾಲದು, ಅದರಲ್ಲಿ ಏನು ಚೆನ್ನಾಗಿದೆ ಅನ್ನೋದೂ ಬೇಕು. ಚಿಕ್ಕವಳಿದ್ದಾಗ ಅರ್ಧ ರಾತ್ರಿವರೆಗೆ ತಲೆ ತಿನ್ನುತ್ತಿದ್ದೆಯಲ್ಲ, ಹಾಗೇ ತಿನ್ನು. ನನ್ನ ಮಾನ ನಿನ್ನ ಕೈಲಿದೆ.

ನಿನ್ನ
ಗಿರಗಿಟ್ಲೆ


ಫೆಬ್ರವರಿ 11

ಗಿರಗಿಟ್ಲೆ,

ಫೋನಿದ್ದಾಗ ತಿಂಗಳಿಗೊಂದು ಸಲ "ಹೂಂ" ಅಂತ ಕಳಿಸುತ್ತಿದ್ದವಳು. ಅದನ್ನು ಕಿತ್ತುಕೊಂಡ ಮೇಲೆ ನಾಲ್ಕು ಪುಟ ಬರೆದಿದ್ದೀಯ. ಮ್ಯಾನೇಜರಮ್ಮನಿಗೆ ಒಂದು ನಮಸ್ಕಾರ ಹೇಳು.

ದಿನವಿಡೀ ಹಾಡು ಕೇಳುವುದು ನನ್ನ ಕೆಲಸವಲ್ಲ, ಮಹಾತಾಯಿ. ನಿಮ್ಮಂಥವರಿಗಾಗಿ ಹಾಡು ಮೊದಲು ಹಾಡಿ ಕೊಡುವುದು ನನ್ನ ಕೆಲಸ. ಗೈಡ್ ಹಾಡುವವಳು ಅಂತ ನನ್ನ ಹೆಸರು. ನಾನು ಹಾಡಿದ್ದನ್ನು ಕಿವಿಗೆ ಹಾಕಿಕೊಂಡು, ಎಲ್ಲಿ ಉಸಿರು, ಎಲ್ಲಿ ನಗು ಅಂತ ನೀವು ಗಿಳಿಗಳ ಹಾಗೆ ಕಲಿಯುತ್ತೀರಿ. ಕಲಿತಾದ ಮೇಲೆ ನನ್ನ ಧ್ವನಿಯನ್ನು ಒರೆಸಿ ಹಾಕುತ್ತಾರೆ. ನಾವಿಬ್ಬರೂ ಈ ಕಂಪನಿಯ ಒಂದೇ ಆಯ್ಕೆಗೆ ಹೋಗಿದ್ದೆವಲ್ಲ, ನಿನ್ನ ಮುಖ ತೆಗೆದುಕೊಂಡರು, ನನ್ನ ಗಂಟಲು ಇಟ್ಟುಕೊಂಡರು. ಅಮ್ಮನಿಗೆ ಅದು ಇವತ್ತಿಗೂ ಸಮಪಾಲು ಅಂತಲೇ ಲೆಕ್ಕ.

ಬರೆದುಕೋ. ಏಳು ಜನ ಹುಡುಗರ ಒಂದು ಕೊರಿಯನ್ ಹಾಡು ಬಂದಿದೆ, ಲಿಫ್ಟಿನ ಬಾಗಿಲು ಮುಚ್ಚುವ ಸದ್ದಿನಿಂದ ಶುರುವಾಗುತ್ತೆ. ಆರು ಜನ ಕೂಗಾಡುತ್ತಾರೆ, ಏಳನೆಯವನು ಕೊನೆಯಲ್ಲಿ ಮಾತಾಡುವ ಹಾಗೆ ಒಂದೇ ಸಾಲು ಹೇಳುತ್ತಾನೆ. ಅರ್ಥ ನನಗೆ ಮಣ್ಣೂ ಗೊತ್ತಿಲ್ಲ. ಆದರೆ ಅವನು ಯಾರದೋ ಹತ್ತಿರ ಕ್ಷಮೆ ಕೇಳುತ್ತಿದ್ದಾನೆ, ಅವರು ಕೊಡುತ್ತಿಲ್ಲ, ಅಷ್ಟು ತಿಳಿಯುತ್ತೆ. ಇನ್ನೊಂದು, ಹಳೆಯ ಪಾಪ್ ಗಾಯಕಿ ಒಬ್ಬಳದ್ದು. ಮದುವೆ ಮುರಿದ ಮೇಲೆ ಮಾಡಿದ ಹಾಡಂತೆ, ಆದರೆ ಅಳುವುದಿಲ್ಲ. ಮನೆ ಗುಡಿಸುತ್ತಾ ಹಾಡಿದ ಹಾಗೆ ಹಾಡಿದ್ದಾಳೆ. ಅಳುವುದಕ್ಕಿಂತ ಅದೇ ಹೆಚ್ಚು ಚುಚ್ಚುತ್ತೆ. ಮೂರನೆಯದು ನಾಲ್ಕು ಹುಡುಗಿಯರ ಕುಣಿತದ ಹಾಡು. ಪೂರ್ತಿ ಕಸ, ಆದರೆ ಮಧ್ಯೆ ತಾಳ ನಿಂತು ಒಂದು ಕ್ಷಣ ಖಾಲಿ ಬಿಡುತ್ತಾರೆ ನೋಡು, ಆ ಖಾಲಿಗಾಗಿ ಉಳಿದ ಕಸವನ್ನೂ ಕೇಳಬಹುದು.

ಇನ್ನೊಂದು ಮಾತು, ಹೊಟ್ಟೆಯಲ್ಲೇ ಇಟ್ಟುಕೋ. ನಾನೂ ಒಂದು ಹಾಡು ಮಾಡುತ್ತಿದ್ದೇನೆ. ಪದ ನನ್ನದು, ರಾಗ ನನ್ನದು, ಒರೆಸಿ ಹಾಕದ ಧ್ವನಿಯೂ ನನ್ನದು. ಎಲ್ಲರೂ ಊಟಕ್ಕೆ ಎದ್ದಾಗ ನಮ್ಮ ರೆಕಾರ್ಡಿಂಗಿನವನು ಒಳಗಿನಿಂದ ಚಿಲಕ ಹಾಕಿ, ಊಟ ಬಿಟ್ಟು ಕೂರುತ್ತಾನೆ. ನಾವೆಲ್ಲ ಅವನನ್ನು ಹೆಡ್‌ಫೋನ್ ಅಂತಲೇ ಕರೆಯುವುದು. ಕಂಪನಿಗೆ ಗೊತ್ತಾದರೆ ಇಬ್ಬರ ಕಥೆಯೂ ಮುಗಿಯಿತು.

ಅಕ್ಕ


ಮಾರ್ಚ್ 2

ಅಕ್ಕಾ ಅಕ್ಕಾ ಅಕ್ಕಾ,

ಏನು ಹೇಳಲಿ! ಲಿಫ್ಟ್ ಬಾಗಿಲು, ಮನೆ ಗುಡಿಸೋದು, ಖಾಲಿ ಬಿಡೋದು, ಎಲ್ಲ ನೀನು ಬರೆದ ಹಾಗೇ ಹೇಳಿದೆ. ರೇಡಿಯೊದವರು ಬಿದ್ದೇ ಹೋದರು. "ಈ ವಯಸ್ಸಿಗೆ ಎಂಥ ಕಿವಿ ಇದೆ ಈ ಹುಡುಗಿಗೆ" ಅಂತ ಪತ್ರಿಕೆಯಲ್ಲೂ ಬಂತು. ನಾನು ಹೊದಿಕೆಯೊಳಗೆ ಕದ್ದು ಹಾಡು ಕೇಳ್ತೀನಿ ಅಂತ ಒಂದು ಕಥೆ ಕಟ್ಟಿದೆ. ಮ್ಯಾನೇಜರಮ್ಮ ಬೈಯುತ್ತಾಳೆ ಅಂದುಕೊಂಡರೆ ಅವಳೇ "ಈ ಕಥೆ ಇಟ್ಕೋ" ಅಂದಳು.

ನಿನ್ನ ಹೆಸರು ಹೇಳಲಿಲ್ಲ. ಹೇಳೋಕೆ ಆಗಲ್ಲ ಅಲ್ವಾ? ನಮ್ಮಕ್ಕ ಬರೆದುಕೊಟ್ಟಳು ಅಂದರೆ ನನ್ನ ಮರ್ಯಾದೆ ಏನಾಗಬೇಕು? ನೀನು ಬೇಜಾರು ಮಾಡಿಕೊಳ್ಳಲ್ಲ, ನನಗೆ ಗೊತ್ತು. ನಿನಗೆ ಈ ಹೆಸರು ಗಿಸರಿನ ಹುಚ್ಚಿಲ್ಲ.

ಮುಂದಿನ ಕಂತು ಬೇಗ ಕಳಿಸು. ಗಂಟಲು ಕಟ್ಟಿದೆ, ಬಿಸಿನೀರು ಕುಡಿದು ಕುಡಿದು ಸಾಕಾಗಿದೆ.

ನಿನ್ನ ಮುದ್ದಿನ
ಗಿರಗಿಟ್ಲೆ

ಮರೆತೆ. ನಿನ್ನ ಕಳ್ಳ ಹಾಡು ಎಲ್ಲಿಗೆ ಬಂತು?


ಮಾರ್ಚ್ 19

ಗಿರಗಿಟ್ಲೆ,

ಹೆಸರಿನ ಹುಚ್ಚಿಲ್ಲ ಅಂತ ನಿನಗೆ ಯಾರು ಹೇಳಿದರು? ಇದೆ. ತಲೆಯ ತುಂಬ ಇದೆ.

ಹಾಡು ಮುಗಿಯಿತು. ಹೋದ ವಾರ ಅಂತರ್ಜಾಲಕ್ಕೆ ಬಿಟ್ಟೆ. ಹೆಸರು "ಮೂರನೇ ಮಹಡಿ". ಒಬ್ಬಳು ಮೂರನೇ ಮಹಡಿಯ ಬಾಗಿಲ ಹಿಂದೆ ನಿಂತು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳುತ್ತಿದ್ದಾಳೆ. ಸದ್ದು ಹತ್ತಿರ ಬರುತ್ತೆ, ಬಾಗಿಲ ಮುಂದೆ ಬರುತ್ತೆ, ದಾಟಿ ಮೇಲಿನ ಮಹಡಿಗೆ ಹೋಗುತ್ತೆ. ಅಷ್ಟೇ ಕಥೆ. ಸದ್ದು ದಾಟಿ ಮೇಲೆ ಹೋಗುವ ಜಾಗದಲ್ಲಿ ಹಾಡೂ ಮೇಲೆ ಹೋಗುತ್ತೆ, ನನ್ನ ಧ್ವನಿ ಮುಟ್ಟಬಹುದಾದ ಕೊನೆಯ ಮೆಟ್ಟಿಲಿನವರೆಗೆ. ನಾನು ಅಲ್ಲಿ ಹಾಡುವಾಗ ಹೆಡ್‌ಫೋನ್ ಮುಖ ಆ ಕಡೆ ತಿರುಗಿಸಿಕೊಂಡ. ಆಮೇಲೆ "ಮೂಗು ಕಟ್ಟಿದೆ" ಅಂದ.

ಇಲ್ಲಿಯವರೆಗೆ ಕೇಳಿದವರು ಬೆರಳೆಣಿಕೆಯಷ್ಟು ಜನ. ಅದರಲ್ಲಿ ಪದೇಪದೇ ಕೇಳಿದವಳು ನಾನೇ.

ಜೀವನದಲ್ಲಿ ನಿನ್ನ ಹತ್ತಿರ ಏನೂ ಕೇಳಿಲ್ಲ, ಈಗ ಕೇಳುತ್ತೇನೆ. ನಿನ್ನ ಪಟ್ಟಿಯ ಕೊನೆಯಲ್ಲಿ ಇದನ್ನೂ ಸೇರಿಸು. ಅಕ್ಕ ಅಂತ ಹೇಳಬೇಡ, ಬೇಡ. ಯಾರೋ ಒಬ್ಬಳು ಹೊಸಬಳು ಅನ್ನು. ಹಾಡಿನ ಹೆಸರು, ನನ್ನ ಹೆಸರು, ಎರಡೇ; ಎಲ್ಲಿ ರೆಕಾರ್ಡ್ ಮಾಡಿದ್ದು ಅನ್ನುವುದು ಬೇಡ. ನೀನು ಹೇಳಿದರೆ ಸಾವಿರಾರು ಜನ ಹುಡುಕಿಕೊಂಡು ಬಂದು ಕೇಳುತ್ತಾರೆ. ಆಮೇಲೆ ಹಾಡಿನ ಹಣೆಬರಹ.

ಹೊಸ ಮೂರು ಹಾಡುಗಳ ವಿಷಯ ಬೇರೆ ಹಾಳೆಯಲ್ಲಿದೆ. ಈ ಸಲ ಇನ್ನೂ ಚೆನ್ನಾಗಿ ಬರೆದಿದ್ದೇನೆ, ಲಂಚ ಅಂದುಕೋ.

ಅಕ್ಕ


ಏಪ್ರಿಲ್ 21

ತಂಗಿ,

ಕೇಳಿದೆ. ಸ್ಟುಡಿಯೋದಲ್ಲಿ ಎಲ್ಲರೂ ಕೂತು ಕೇಳಿದೆವು. ನನ್ನ ಹಾಡು ಬರುತ್ತೆ ಅಂತ ಹೆಡ್‌ಫೋನ್‌ಗೆ ಮೊದಲೇ ಹೇಳಿದ್ದೆ, ಆ ಪಾಪದವನು ಹೊಸ ಅಂಗಿ ಹಾಕಿಕೊಂಡು ಬಂದಿದ್ದ.

ನನ್ನ ಲಂಚದ ಹಾಡುಗಳನ್ನು ನೀನು ನನ್ನ ಮಾತಿನಲ್ಲೇ ಒಂದಕ್ಷರ ಬಿಡದೆ ಒಪ್ಪಿಸಿದೆ. ಆಮೇಲೆ "ಇನ್ನು ಈ ವರ್ಷದ ತಮಾಷೆಯ ಹಾಡು" ಅಂದೆ. "ಮೂರನೇ ಮಹಡಿ"ಯನ್ನು ನಾಲ್ಕು ಸಾಲು ಹಾಕಿ ನಿಲ್ಲಿಸಿದೆ. "ಈಯಮ್ಮ ಬಾಗಿಲು ತೆಗೆದು ನೋಡಿಬಿಟ್ಟಿದ್ದರೆ ಹಾಡೇ ಬೇಕಾಗ್ತಿರಲಿಲ್ಲ ಅಲ್ವಾ?" ಅಂದೆ. ಉಳಿದ ನಾಲ್ವರೂ ನಕ್ಕರು. ನಕ್ಕಿದ್ದು ಸಾಲಲಿಲ್ಲ ಅಂತ ನನ್ನ ಆ ಮೇಲಿನ ಸ್ವರವನ್ನು ಮೂಗಿನಲ್ಲಿ ಎಳೆದು ಅಣಕಿಸಿದೆ. ಹೆಸರು ಮಾತ್ರ ಹೇಳಲಿಲ್ಲ. ಅಲ್ಲೂ ಜಿಪುಣತನ.

ಸ್ಟುಡಿಯೋದಲ್ಲಿ ಅವನೊಬ್ಬನನ್ನು ಬಿಟ್ಟು ಯಾರಿಗೂ ಅದು ನನ್ನದು ಅಂತ ಗೊತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು, ನಾನೂ ನಗಬೇಕಾಯಿತು. ನಕ್ಕೆ. ಆ ನಗುವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಇನ್ನು ಪಟ್ಟಿ ಗಿಟ್ಟಿ ನನ್ನಿಂದ ಬರುವುದಿಲ್ಲ.


ಮೇ 4

ಅಕ್ಕಾ,

ಅಬ್ಬಬ್ಬಾ, ಏನು ಕೋಪ! ಸಹಿಯೂ ಇಲ್ಲ! ತಮಾಷೆ ಮಾಡಿದರೆ ಜನ ನೆನಪಿಟ್ಟುಕೊಳ್ಳುತ್ತಾರೆ ಕಣೇ, ಹೊಗಳಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಲ್ಲಿ ಗಂಭೀರವಾಗಿದ್ದ ಹಾಡುಗಳೇ ಮೂರಾಗಿದ್ದವು, ನಾಲ್ಕನೆಯದಕ್ಕೆ ನಗಿಸಲೇಬೇಕಿತ್ತು. ಅದು ಕಾರ್ಯಕ್ರಮದ ಕಟ್ಟಳೆ, ನಿನಗೆ ಅರ್ಥವಾಗಲ್ಲ.

ಈಗ ಕೂತುಕೊಂಡು ಓದು. ನಮ್ಮ ಸಂಗೀತ ನಿರ್ದೇಶಕರು ಕಾರಿನಲ್ಲಿ ರೇಡಿಯೊ ಕೇಳುತ್ತಿದ್ದರಂತೆ. ಆ ನಾಲ್ಕು ಸಾಲು ಅವರ ತಲೆಗೆ ಹೊಕ್ಕು ಕೂತುಬಿಟ್ಟಿದೆ. ಮಾರನೇ ದಿನ ನನ್ನ ಕರೆಸಿ "ಆ ಮಹಡಿ ಹಾಡು ಯಾರದ್ದಮ್ಮ?" ಅಂದರು. ನಮ್ಮಕ್ಕನದು ಅಂದೆ. "ಎಲ್ಲಿ ರೆಕಾರ್ಡ್ ಮಾಡಿದ್ದು?" ಅಂದರು. ನಿಮ್ಮ ಸ್ಟುಡಿಯೋದಲ್ಲೇ, ಊಟದ ಹೊತ್ತಿನಲ್ಲಿ, ಅಂದೆ. ಅಂಥ ದೊಡ್ಡ ಮನುಷ್ಯರು ಎದುರು ಕೂತು ಕೇಳಿದರೆ ನಾನೇನು ಸುಳ್ಳು ಹೇಳಲಾ?

ಅವರ ಮುಖ ಅರಳಿತು. ಸ್ಟುಡಿಯೋಗೆ ಸೇರಿದಾಗ ನೀನು ಸಹಿ ಹಾಕಿದ ಕಾಗದದ ಪ್ರಕಾರ ಅದರ ಗೋಡೆಗಳೊಳಗೆ ಹಾಡಿದ್ದೆಲ್ಲ ಕಂಪನಿಯದ್ದಂತೆ. ಹಾಗಾಗಿ ಹಾಡು ಈಗಾಗಲೇ ನಮ್ಮದೇ! ನಾನು ಒಬ್ಬಳೇ ಹಾಡುತ್ತೇನೆ ಅಕ್ಕ, ಗುಂಪಲ್ಲ, ನಾನೊಬ್ಬಳೇ, ಮೊದಲನೇ ಸಲ! ನೀನು ಬಿಟ್ಟಿರೋದನ್ನ ಅಂತರ್ಜಾಲದಿಂದ ತೆಗೆಸುತ್ತಾರೆ, ಎರಡೆರಡಿದ್ದರೆ ಜನಕ್ಕೆ ಗೊಂದಲ. ಪದ, ರಾಗ ಎಲ್ಲ "ಕಂಪನಿ ಬಳಗ" ಅಂತ ಬರುತ್ತೆ. ಗೈಡ್ ಹಾಡೋಕೆ ನಿನ್ನನ್ನೇ ಕರೀತಾರೆ. ಬೇರೆ ಯಾರನ್ನೋ ಕರೆದಿದ್ದರೆ ನಾನೇ ಜಗಳ ಆಡುತ್ತಿದ್ದೆ.

ಖುಷಿ ಪಡು. ಹಾಡು ಮನೆಯಲ್ಲೇ ಉಳಿಯಿತು. ಅಮ್ಮನಿಗೆ ಹೊಲಿಗೆ ಅಂಗಡಿಗೆ ಫೋನ್ ಮಾಡಿಸಿ ಹೇಳಿದೆ, ಅತ್ತೇಬಿಟ್ಟಳು.

ಗಿರಗಿಟ್ಲೆ


ಮೇ 9

ತಂಗಿ,

ಕಾಗದ ತೋರಿಸಿದರು. ಸಹಿ ನನ್ನದೇ. ಆಗ ಕೆಲಸ ಸಿಕ್ಕಿದರೆ ಸಾಕು ಅಂತಿತ್ತು, ಓದಿರಲಿಲ್ಲ.

ಹೆಡ್‌ಫೋನ್‌ನನ್ನು ಅವತ್ತೇ ಮನೆಗೆ ಕಳಿಸಿದರು. ಹೋಗುವಾಗ ನನಗೆ ಕೈ ಬೀಸಿ ಹೋದ, ಅದಕ್ಕಿಂತ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು. ನನ್ನನ್ನು ಕಳಿಸಲಿಲ್ಲ. ನಾನು ಬೇಕಲ್ಲ, ನಿನಗೆ ಕಲಿಸೋಕೆ.

ನನ್ನ ಹಾಡು ಹುಡುಕಿದರೆ ಈಗ ಖಾಲಿ ಪುಟ ಬರುತ್ತೆ. ಬುಧವಾರ ಬೆಳಗ್ಗೆ ಗೈಡ್ ಹಾಡಬೇಕಂತೆ. ನನ್ನ ಹಾಡಿಗೆ.

ಅಮ್ಮ ಫೋನ್ ಮಾಡಿದ್ದಳು. "ನೀನು ಬರೆದಿದ್ದನ್ನ ಅವಳು ಹಾಡ್ತಾಳಂತಲ್ಲೇ, ನನ್ನ ಹೊಟ್ಟೆ ತಣ್ಣಗಾಯಿತು" ಅಂದಳು.

ಅಕ್ಕ


ಮೇ 11

ಅಕ್ಕ,

ಇದನ್ನು ಮೇಕಪ್ ಹಾಕುವವಳ ಕೈಲಿ ಕಳಿಸುತ್ತಿದ್ದೇನೆ, ಬುಧವಾರದ ಮೊದಲೇ ನಿನಗೆ ಮುಟ್ಟಬೇಕು. ಯಾರಿಗೂ ತೋರಿಸಬೇಡ. ಅಮ್ಮನಿಗೂ ಬೇಡ.

ನನ್ನ ಗಂಟಲು ಸರಿಯಿಲ್ಲ. ಮಾರ್ಚಿನಿಂದ ಕಟ್ಟಿದ್ದು ಬಿಡಲೇ ಇಲ್ಲ. ಹೋದ ವಾರ ಹಲ್ಲುನೋವು ಅಂತ ಸುಳ್ಳು ಹೇಳಿ ಗಂಟಲಿನ ಡಾಕ್ಟರ ಹತ್ತಿರ ಹೋದೆ. ಧ್ವನಿ ಹುಟ್ಟೋ ಜಾಗದಲ್ಲೇ ಗಂಟುಗಳಾಗಿವೆಯಂತೆ. ತಗ್ಗಿನಲ್ಲಿ ಹಾಡಿಕೊಂಡು, ಔಷಧಿ ತಗೊಂಡರೆ ಕರಗುತ್ತವಂತೆ. "ಎತ್ತರದಲ್ಲಿ ಎಳೆದು ಹಾಡಿದರೆ ಒಂದು ದಿನ ಹಾಗೇ ಹರಿದುಹೋಗುತ್ತೆ, ಆಮೇಲೆ ನನ್ನ ಹತ್ತಿರ ಬರಬೇಡ" ಅಂದರು ಡಾಕ್ಟರು.

ಕಂಪನಿಗೆ ಗೊತ್ತಾದರೆ ನನ್ನನ್ನು ಅವತ್ತೇ ತೆಗೆಯುತ್ತಾರೆ. ಸಾಲಾಗಿ ನಿಂತಿದ್ದಾರೆ ಅಕ್ಕ ಹುಡುಗಿಯರು, ಹಾಸ್ಟೆಲಿನ ಕೆಳಗಿನ ಕೋಣೆ ತುಂಬ.

ಗೈಡ್ ಯಾವ ಶ್ರುತಿಯಲ್ಲಿದೆಯೋ ಅದೇ ಶ್ರುತಿ. ನಿರ್ದೇಶಕರು ಒಂದು ಸಲ ಕೇಳಿ ತಲೆಯಾಡಿಸಿದರೆ ಆಮೇಲೆ ಬ್ರಹ್ಮ ಬಂದರೂ ಬದಲಾಯಿಸಲ್ಲ, ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನೀನು ಹಾರ್ಮೋನಿಯಮ್ಮಿನ ಎರಡು ಮನೆಯಷ್ಟು ಇಳಿಸಿ, ತಗ್ಗಿನಲ್ಲಿ ಹಾಡಿಬಿಡು. ಯಾರಿಗೂ ಅನುಮಾನ ಬರಲ್ಲ, ನಾನು ಆರಾಮವಾಗಿ ಹಾಡಿಕೊಳ್ಳುತ್ತೇನೆ. ನಿನ್ನ ಕಾಲಿಗೆ ಬೀಳ್ತೀನಿ. ರೇಡಿಯೊದಲ್ಲಿ ಮಾಡಿದ್ದು ತಪ್ಪು, ಹೊಟ್ಟೆಗೆ ಹಾಕಿಕೋ. ಕೋಪ ಇದ್ದರೆ ಮನೆಗೆ ಬಂದಾಗ ಬಾಸುಂಡೆ ಬರೋ ಹಾಗೆ ಹೊಡಿ, ಇದರಲ್ಲಿ ತೋರಿಸಬೇಡ.

ನಿನ್ನ ಗಿರಗಿಟ್ಲೆ


ಮೇ 16

ಗಿರಗಿಟ್ಲೆ,

ನಿನ್ನ ಕಾಗದ ಮಂಗಳವಾರವೇ ಸಿಕ್ಕಿತು. ಎರಡು ಸಲ ಓದಿದೆ.

ಬುಧವಾರ ಹಾಡಿದೆ. ಇದ್ದ ಹಾಗೇ ಹಾಡಿದೆ. ಹಾಡಿನಲ್ಲಿ ಅವಳ ಬಾಗಿಲ ಮುಂದೆ ಬಂದ ಹೆಜ್ಜೆ ದಾಟಿ ಮೇಲೆ ಹೋಗುತ್ತೆ, ಹಾಡೂ ಹೋಗಬೇಕು. ಇಳಿಸಿದರೆ ಅದು ಮೂರನೇ ಮಹಡಿಯಲ್ಲ, ನೆಲಮಾಳಿಗೆ. ಹೆಸರು ಕಿತ್ತುಕೊಂಡಿರಿ, ಧ್ವನಿ ಒರೆಸುತ್ತೀರಿ, ನನ್ನದು ಅಂತ ಉಳಿದಿರುವುದು ಆ ಎತ್ತರ ಒಂದೇ. ಅದನ್ನೂ ನಾನೇ ಕೈಯಾರೆ ಇಳಿಸಿಕೊಡಬೇಕಾ?

ನಿರ್ದೇಶಕರಿಗೆ ಅನುಮಾನ ಬಂತು. ಗಾಜಿನ ಆ ಕಡೆಯಿಂದ "ಅವಳಿಗೆ ಇಷ್ಟು ಮೇಲೆ ಮುಟ್ಟುತ್ತಾ? ಬೇಕಾದರೆ ಸ್ವಲ್ಪ ಇಳಿಸೋಣ, ನೀನೇ ಹೇಳು, ನೀನು ಅಕ್ಕ ಅಲ್ವಾ?" ಅಂದರು.

"ಮುಟ್ಟುತ್ತೆ ಸಾರ್" ಅಂದೆ. "ಚಿಕ್ಕವಳಿದ್ದಾಗಿಂದ ಕೇಳಿದೀನಿ, ಅವಳಿಗೆ ಅದು ನೀರು ಕುಡಿದ ಹಾಗೆ."

ಅಂಥ ದೊಡ್ಡ ಮನುಷ್ಯರು ಎದುರು ಕೂತು ಕೇಳಿದರೆ ನಿನಗೆ ಧ್ವನಿಯಿಲ್ಲ ಅಂತ ಹೇಳಿಬಿಡಲಾ? ಕಂಪನಿಗೆ ಗೊತ್ತಾಗಬಾರದು ಅಂತ ನೀನೇ ಬರೆದಿದ್ದೆಯಲ್ಲ. ಗುಟ್ಟು ಕಾಪಾಡಿದ್ದೇನೆ.

ಅಕ್ಕ


ಜುಲೈ 2

ಅಕ್ಕ ಅಂತ ಕರೆಯೋಕೂ ಬಾಯಿ ಬರುತ್ತಿಲ್ಲ.

ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹಾಡಿದೆ. ದಿನಾ ಸಂಜೆ ಆ ಜಾಗ ಬಂದಾಗ ನನಗೆ ಗಂಟಲಿನಲ್ಲಿ ಗಾಜು ನುಂಗಿದ ಹಾಗಾಗುತ್ತೆ. ವೇದಿಕೆ ಹತ್ತುವ ಮೊದಲು ಕದ್ದು ಸೂಜಿ ಚುಚ್ಚಿಸಿಕೊಳ್ಳುತ್ತೇನೆ. ಇಳಿದ ಮೇಲೆ ಉಗುಳಿದರೆ ಕೆಂಪು ಬರುತ್ತೆ. ನಗಬೇಕು, ಕೈ ಬೀಸಬೇಕು, ಮಾರನೇ ದಿನ ಇನ್ನೊಂದು ಊರು.

ಹೊಟ್ಟೆಕಿಚ್ಚಿನವಳು ನೀನು. ಆಯ್ಕೆಯ ದಿನ ನನ್ನ ಹೆಸರು ಕರೆದಾಗ ನಿನ್ನ ಮುಖ ನೋಡಿದ್ದೆ, ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಕೇಳು, ನೀನು ಹಾಡಿದಾಗ "ಮೂರನೇ ಮಹಡಿ" ಯಾರಿಗೆ ಬೇಕಾಗಿತ್ತು? ನೀನು ಮತ್ತೆ ನಿನ್ನ ಹೆಡ್‌ಫೋನು! ನಾನು ಹಾಡಿದ ಮೇಲೆ ಎಲ್ಲ ಪತ್ರಿಕೆಗಳ "ಈ ವರ್ಷ ಇಲ್ಲಿಯವರೆಗೆ" ಪಟ್ಟಿಯಲ್ಲೂ ಅದೇ ಮೊದಲು. ಕೆ-ಪಾಪ್ ಬಿಟ್ಟು ಬೇರೇನೂ ಕೇಳದ ಹುಡುಗರೂ ಅದನ್ನೇ ಗುನುಗುತ್ತಿದ್ದಾರೆ. ಹಾಡಿಗೆ ಜೀವ ಕೊಟ್ಟವಳು ನಾನು. ನೀನು ಹೆತ್ತು ಮೂಲೆಯಲ್ಲಿ ಮಲಗಿಸಿದ್ದೆ ಅಷ್ಟೇ.

ಇನ್ನೂ ಹೊತ್ತು ಮೀರಿಲ್ಲ. ನಿರ್ದೇಶಕರಿಗೆ ನಾಲ್ಕು ಸಾಲು ಬರಿ. ಹಾಡು ಕಟ್ಟಿದವಳಿಗೆ ತಗ್ಗಿನಲ್ಲೇ ಚೆನ್ನ ಅನ್ನಿಸುತ್ತಿದೆ ಅಂತ ಬರಿ. ನೀನು ಹೇಳಿದರೆ ಕೇಳುತ್ತಾರೆ, ನಾನು ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಒಂದು ಕಾಗದ, ಅಷ್ಟೇ.

ನಿನ್ನ ತಂಗಿ, ಹಾಗಂತ ನೆನಪಿದ್ದರೆ


ಜುಲೈ 13

ತಂಗಿ,

ನೀನು ಬರೆದದ್ದು ನಿಜ. ಹಾಡಿಗೆ ಜೀವ ಕೊಟ್ಟವಳು ನೀನೇ. ಬಸ್ಸಿನಲ್ಲಿ ಅದೇ, ಔಷಧಿ ಅಂಗಡಿಯಲ್ಲಿ ಅದೇ, ನಮ್ಮ ಕಟ್ಟಡದ ಮೆಟ್ಟಿಲು ಒರೆಸುವವಳ ಬಾಯಲ್ಲೂ ಅದೇ. ಪದ ತಪ್ಪು ಹೇಳುತ್ತಾಳೆ, ತಿದ್ದಲು ಬಾಯಿ ತೆರೆದು ಮುಚ್ಚಿಕೊಂಡೆ. ನಾನ್ಯಾರು ತಿದ್ದೋಕೆ?

ಮೊನ್ನೆ ಬಟ್ಟೆ ಒಣಹಾಕುತ್ತಾ ನನಗರಿವಿಲ್ಲದೆ ಹಾಡಿಕೊಳ್ಳುತ್ತಿದ್ದೆ. ಕೆಳಗಿನ ಮನೆಯ ಹುಡುಗಿ ನಿಂತು ಕೇಳಿದಳು. ಮುಗಿದ ಮೇಲೆ, "ಆಂಟಿ, ನೀವು ಅವರ ಹಾಗೇ ಹಾಡ್ತೀರಪ್ಪ! ಆದರೆ ಮೇಲೆ ಹೋದಾಗ ಅವರ ಧ್ವನಿ ಒಡೆಯುತ್ತಲ್ಲ, ಅದು ನಿಮಗೆ ಬರಲ್ಲ. ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಅದೇ ಇಷ್ಟ" ಅಂದಳು.

ಹೌದಲ್ಲ ಅನ್ನಿಸಿತು. ಪತ್ರಿಕೆಯವರು ಬರೆಯುತ್ತಿರುವುದೂ ಅದನ್ನೇ. "ಎದೆ ಬಿರಿಯುವ ಆ ಒಂದು ಕ್ಷಣ" ಅಂತ. ಹಾಡಲ್ಲ ಕಣೇ ಅವರಿಗೆ ಬೇಕಾಗಿರುವುದು. ನಿನ್ನ ಗಂಟಲು ಹರಿಯುವುದನ್ನು ದಿನಾ ಸಂಜೆ ಟಿಕೆಟ್ ಕೊಂಡು ಕೇಳುತ್ತಿದ್ದಾರೆ. ಶ್ರುತಿ ಇಳಿಸಿದರೆ ಅದೂ ಹೋಗುತ್ತೆ, ನೀನು ಮತ್ತೆ ಐವರಲ್ಲಿ ಒಬ್ಬಳು.

ನಿರ್ದೇಶಕರಿಗೆ ಬರೆಯಲು ಕೂತಿದ್ದೆ. ಹಾಡು ಕಟ್ಟಿದವಳು ಅಂತ ಸಹಿ ಹಾಕಬೇಕಲ್ಲ. ಹಾಡು ಕಟ್ಟಿದ್ದು ಕಂಪನಿ ಬಳಗ. ಅವರನ್ನೇ ಕೇಳು.

ಅಕ್ಕ


ಆಗಸ್ಟ್ 28

ಮಗಳೇ,

ನಿನ್ನ ಫೋನಿಗೆ ಎಷ್ಟು ಸಲ ಮಾಡಿದರೂ ಎತ್ತುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ತಂಗಿ ಮನೆಗೆ ಬಂದಿದ್ದಾಳೆ. ವೇದಿಕೆ ಮೇಲೆ ಆ ಹಾಡು ಹಾಡುತ್ತಿದ್ದಾಗಲೇ ಧ್ವನಿ ಹೋಯಿತಂತೆ, ಬಾಯಿ ತೆರೆದುಕೊಂಡೇ ಇದ್ದಳಂತೆ, ಏನೂ ಬರಲಿಲ್ಲವಂತೆ. ಜನ ಅದೂ ಹಾಡಿನ ಭಾಗ ಅಂದುಕೊಂಡು ಚಪ್ಪಾಳೆ ಹೊಡೆದರಂತೆ. ಅವತ್ತೇ ಆಪರೇಷನ್ ಆಯಿತು. ಮುಂದೆ ಮಾತು ಬರುತ್ತೆ ಅಂತಾರೆ ಡಾಕ್ಟರು, ಹಾಡು ಬರಲ್ಲ ಅಂತಾರೆ. ಈಗ ಪಿಟ್ಟೆನ್ನುವ ಹಾಗಿಲ್ಲ. ಏನು ಬೇಕಾದರೂ ಸ್ಲೇಟಿನಲ್ಲಿ ಬರೆದು ತೋರಿಸುತ್ತಾಳೆ. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅವಳಿಗೆ ಕೋಪ ಬಂದು ಒರೆಸಿಬಿಡುತ್ತಾಳೆ.

ಕಂಪನಿಯವರು ಒಂದು ಹೂಗುಚ್ಛ ಕಳಿಸಿದರು. ಅವಳ ಜಾಗಕ್ಕೆ ಆಗಲೇ ಬೇರೆ ಹುಡುಗಿ ಬಂದಿದ್ದಾಳಂತೆ.

ಯಾರ ಕಣ್ಣು ಬಿತ್ತೋ ನನ್ನ ಮಗುವಿಗೆ. ಆ ಹಾಳು ಹಾಡು ನೀನೇ ಬರೆದದ್ದಲ್ಲವೇನೇ? ಸ್ವಲ್ಪ ತಗ್ಗಿಸಿ ಬರೆಯಬಾರದಾಗಿತ್ತಾ? ನಿನ್ನನ್ನು ದೂರುತ್ತಿಲ್ಲ, ನಿನಗೇನು ಗೊತ್ತಿತ್ತು ಪಾಪ. ನೀನು ಹಿರಿಯವಳು, ಒಂದು ಸಲ ಬಂದು ಅವಳ ಪಕ್ಕ ಕೂತು ಹೋಗು. ನೀನು ಅಂದರೆ ಅವಳಿಗೆ ಪ್ರಾಣ.

ಅಮ್ಮ


ಸೆಪ್ಟೆಂಬರ್ 15

ಅಕ್ಕ,

ನೀನು ಬರಲಿಲ್ಲ. ಬರಲ್ಲ ಅಂತ ಅಮ್ಮನಿಗೆ ಸ್ಲೇಟಿನಲ್ಲಿ ಮೊದಲೇ ಬರೆದು ತೋರಿಸಿದ್ದೆ. ಅವಳು ನಂಬಲಿಲ್ಲ. ವಾರವೆಲ್ಲ ಬಸ್ಸಿನ ಹೊತ್ತಿಗೆ ಅಂಗಡಿ ಬಾಗಿಲಲ್ಲಿ ನಿಂತಿದ್ದಳು.

ಈಗ ನನಗೆ ಹೊತ್ತೇ ಹೊತ್ತು. ಫೋನೂ ವಾಪಸ್ಸು ಬಂದಿದೆ. ಅಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು ನೀನು ಬರೆದಿದ್ದ ಹಾಡುಗಳನ್ನೆಲ್ಲ ಕೇಳಿದೆ. ಮೊದಲನೇ ಸಲ ಕೇಳಿದ್ದು. ರೇಡಿಯೊದಲ್ಲಿ ಅಷ್ಟೆಲ್ಲ ಬೊಗಳಿದೆನಲ್ಲ, ಒಂದನ್ನೂ ಕೇಳಿರಲಿಲ್ಲ. ಆ ಏಳನೆಯ ಹುಡುಗ ಕ್ಷಮೆ ಕೇಳುತ್ತಿಲ್ಲ ಅಕ್ಕ. ಪದಗಳ ಅರ್ಥ ಹುಡುಕಿ ನೋಡಿದೆ, ಅವನು ಊಟಕ್ಕೆ ಏನಿದೆ ಅಂತ ಕೇಳುತ್ತಿದ್ದಾನೆ. ನಗು ಬಂತು, ನಗಬಾರದು ಅಂತ ಡಾಕ್ಟರು ಹೇಳಿದ್ದಾರೆ, ಬಾಯಿ ಮುಚ್ಚಿಕೊಂಡೆ. ಆಮೇಲೆ ಅಳು ಬಂತು, ಅದನ್ನೂ ಸದ್ದಿಲ್ಲದೆ ಅಳಬೇಕು.

ಈಗ ನನ್ನದೇ ಪಟ್ಟಿ ಒಂದಿದೆ. ಯಾರೂ ಬರೆದುಕೊಟ್ಟದ್ದಲ್ಲ. ಈ ವರ್ಷ ಇಲ್ಲಿಯವರೆಗೆ ನನಗೆ ಇಷ್ಟವಾದದ್ದರಲ್ಲಿ ಮೊದಲನೆಯದು "ಮೂರನೇ ಮಹಡಿ". ನಾನು ಹಾಡಿದ್ದಲ್ಲ, ನೀನು ಹಾಡಿದ್ದು. ಕಲಿಯೋಕೆ ಕೊಟ್ಟ ಗೈಡ್ ಒರೆಸುವ ಮೊದಲು ನಾನು ಒಂದು ಪ್ರತಿ ಇಟ್ಟುಕೊಂಡಿದ್ದೆ. ನಾನು ಆ ಮೇಲಿನ ಜಾಗಕ್ಕೆ ಹೋಗುವಾಗ ಬರೀ ನೋವಿರುತ್ತಿತ್ತು. ನೀನು ಹೋಗುವಾಗ ಅವಳು ಬಾಗಿಲ ಹಿಂದೆ ನಿಂತಿರುವುದು ಕಾಣುತ್ತೆ. ಅದನ್ನು ಅಣಕಿಸಿದೆನಲ್ಲ, ನನ್ನ ನಾಲಿಗೆ ಬಿದ್ದು ಹೋಗಬೇಕಿತ್ತು, ಗಂಟಲು ಹೋಯಿತು.

ಇದನ್ನು ನಿನಗೆ ಬೆಣ್ಣೆ ಹಚ್ಚೋಕೆ ಬರೆದಿಲ್ಲ. ಇಷ್ಟವಾಯಿತು, ಬರೆದೆ.

ಒಂದೇ ಒಂದು ಪ್ರಶ್ನೆ. ನನ್ನ ಜಾಗಕ್ಕೆ ಬಂದ ಹುಡುಗಿ ಈ ತಿಂಗಳು ಅದೇ ಹಾಡು ಹಾಡುತ್ತಾಳಂತೆ. ಅವಳಿಗೂ ಗೈಡ್ ಹಾಡಿಕೊಟ್ಟದ್ದು ನೀನೇ ಅಂತ ಮೇಕಪ್ ಹಾಕುವವಳು ತಿಳಿಸಿದಳು. ಅವಳು ನನ್ನ ಜೊತೆ ಕೆಳಗಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದವಳು, ಅವಳ ಧ್ವನಿ ನನಗೆ ಗೊತ್ತು. ಚೆನ್ನಾಗಿದ್ದಾಗಿನ ನನ್ನ ಧ್ವನಿಗಿಂತ ತಗ್ಗು. ಅಮ್ಮ ರೇಡಿಯೊ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ, ಫೋನಿನಲ್ಲಿ ಕೇಳೋಕೆ ನನಗೆ ಧೈರ್ಯವಿಲ್ಲ.

ಅವಳಿಗೆ ಯಾವ ಶ್ರುತಿಯಲ್ಲಿ ಹಾಡಿಕೊಟ್ಟೆ? ಇಳಿಸಿದರೆ ಅದು ಹಾಡೇ ಅಲ್ಲ ಅಂದಿದ್ದೆಯಲ್ಲ. ಅವಳಿಗೂ ಹಾಗೇ ಹಾಡಿದ್ದೀಯ ಅಂತ ಬರಿ. ಹಾಗಿದ್ದರೆ ನಿನಗೆ ಹಾಡೇ ದೊಡ್ಡದಾಗಿತ್ತು, ನಾನು ಮಧ್ಯೆ ಸಿಕ್ಕಿಕೊಂಡೆ ಅಂದುಕೊಂಡು ಸುಮ್ಮನಾಗುತ್ತೇನೆ.

ಗಿರಗಿಟ್ಲೆ


ಸೆಪ್ಟೆಂಬರ್ 24

ಗಿರಗಿಟ್ಲೆ,

ನಿನ್ನ ಪಟ್ಟಿ ನೋಡಿದೆ. ಏಪ್ರಿಲಿನಲ್ಲಿ ಹೇಳಬೇಕಾಗಿತ್ತು.

ಆ ಹುಡುಗಿ ಬಂದಿದ್ದಳು. ತುಂಬ ಹೆದರಿದ್ದಳು, ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು. ಮೇಲಿನ ಜಾಗ ಬಂದಾಗ ಅವಳ ಕತ್ತಿನ ನರ ಉಬ್ಬಿತು. ನಿಲ್ಲಿಸು ಮಗು ಅಂದೆ.

ನಿರ್ದೇಶಕರು ಏನೂ ಕೇಳಿರಲಿಲ್ಲ. ನಾನೇ ಹೋಗಿ ಹೇಳಿ, ಎರಡು ಮನೆ ಇಳಿಸಿ ಹಾಡಿಕೊಟ್ಟೆ. ಹಾಡಿಗೆ ಏನೂ ಆಗಲಿಲ್ಲ.

ಅಕ್ಕ